ಗಟಾರದ ಗ್ಯಾಸು, ವಡಾಲದ ಆಶ್ರಮ ಮತ್ತು ನನ್ನದೊಂದು ತಪ್ಪು



ಈ ಸಲದ ಪುಟವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡಬೇಕಾಗಿದೆ. ಕೆಲವು ವಾರಗಳ ಹಿಂದೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ 'ನಿಮಗೆ ಗೊತ್ತೆ?' ಎಂದು ಒಂದು ಮಾಹಿತಿ ಓದಿದ್ದೆ. 'ಜಗತ್ತಿನಲ್ಲೇ ಮೊದಲ ಬಾರಿಗೆ ಮಲಮೂತ್ರದಿಂದ ಗ್ಯಾಸು ತಯಾರಿಸಿದ್ದು ನಮ್ಮ ಮುಂಬಯಿಯಲ್ಲಿ, ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ, 1859ರಲ್ಲಿ' ಎಂಬುದು ಆ ಮಾಹಿತಿ. ಓದಿ, ಮುಂದಿನ ಹಾಡು ಹಾಕಿ, ಮರೆತೂಬಿಟ್ಟಿದ್ದೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಫೋನು ಬಂತು. ವಡಾಲದ ಒಬ್ಬ ಹಿರಿಯ ಕೇಳುಗರು. ಅವರು ಬೈಯಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: "ಆ ಆಶ್ರಮ ಹುಟ್ಟಿದ್ದೇ 1890ರಲ್ಲಿ. ಹುಟ್ಟುವ ಮೂವತ್ತೊಂದು ವರ್ಷ ಮೊದಲೇ ಅದು ಗ್ಯಾಸು ಹೇಗೆ ತಯಾರಿಸಿತು, ಸ್ವಲ್ಪ ಹೇಳ್ತೀರಾ?"

ನನ್ನ ಬಳಿ ಉತ್ತರವಿರಲಿಲ್ಲ. ಕನ್ನಡ ಬಿ.ಎ. ಓದಿದ ನನಗೆ ಇಸವಿಗಳ ಬಗ್ಗೆ ಎಂದೂ ಅಷ್ಟು ಭಯವಿರಲಿಲ್ಲ. ಅಂದಿನಿಂದ ಬಂದಿದೆ. ಆ ಫೋನಿನ ನಂತರ ಬಿಡುವಾದಾಗಲೆಲ್ಲ ಓದಿದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ವಿಷಯ ಗಟಾರದ್ದು. ಮೂಗು ಮುಚ್ಚಿಕೊಳ್ಳಬೇಡಿ, ಇದು ನಮ್ಮ ನಿಮ್ಮ ಊರಿನದೇ ಕಥೆ.

ಮೊದಲು ಆಗಿನ ಮುಂಬಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಳು ದ್ವೀಪಗಳ ನಡುವಿನ ಜಾಗವನ್ನು ತುಂಬಿಸಿ ಮಾಡಿದ ಊರು ಇದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವರ್ಲಿಯ ಬಳಿ ಸಮುದ್ರ ಒಳನುಗ್ಗುತ್ತಿದ್ದ ಕಂಡಿಗೆ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಕಟ್ಟಿದರು. ಒಡ್ಡಿನ ಹಿಂದೆ ಒಣಗಿದ ನೆಲವೇ ಮುಂದೆ ನಗರದ ಹೊಟ್ಟೆಯಾಯಿತು. ಆದರೆ ಆ ನೆಲದ ಎಷ್ಟೋ ಭಾಗ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗಿತ್ತು. ನೀರು ತಾನಾಗಿ ಹರಿದು ಹೋಗಲು ಇಳಿಜಾರೇ ಇಲ್ಲ! ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲೋ ಪರೇಲಿನಲ್ಲೋ ಮೊಳಕಾಲುದ್ದ ನೀರಲ್ಲಿ ನಿಂತು ಬಸ್ಸಿಗೆ ಕಾದವರಿಗೆ ಈ ಭೂಗೋಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರ ನಡುವಿನಿಂದ ಒಂದು ದೊಡ್ಡ ತೆರೆದ ಚರಂಡಿ ಹೊರಟು ವರ್ಲಿಯ ತೂಬುಗಳ ಕಡೆಗೆ ಸಾಗುತ್ತಿತ್ತು. ಅದಕ್ಕೆ 'ಮೇನ್ ಡ್ರೇನ್' ಎಂದೇ ಹೆಸರು. ಇಳಿತದ ಹೊತ್ತಿಗೆ ತೂಬು ತೆರೆದರೆ ಹೊಲಸು ಸಮುದ್ರಕ್ಕೆ, ಭರತದ ಹೊತ್ತಿಗೆ ಅಲ್ಲೇ ಮಡು. ಮುಂದೆ, 1880ರ ದಶಕದಲ್ಲಿ, ಅದೇ ವರ್ಲಿಯಲ್ಲಿ ಪಂಪಿಂಗ್ ಸ್ಟೇಷನ್ ಬಂತು. ಉಗಿ ಯಂತ್ರದಿಂದ ಕೊಳಚೆಯನ್ನು ಎತ್ತಿ ಸಮುದ್ರಕ್ಕೆ ದೂಡುವ ಏರ್ಪಾಡು. ಆ ಸ್ಥಳದ ಹೆಸರು ಲವ್ ಗ್ರೋವ್, ಅಂದರೆ ಪ್ರೇಮದ ತೋಪು! ಇಡೀ ಊರಿನ ಮಲ ಬಂದು ಸೇರುವ ಜಾಗಕ್ಕೆ ಈ ಹೆಸರು ಇಂದಿಗೂ ಹಾಗೆಯೇ ಉಳಿದಿದೆ.

ಇಲ್ಲೊಂದು ಸೂಕ್ಷ್ಮವಿದೆ. ಇಂಗ್ಲಿಷರು ಮುಂಬಯಿಗೆ ಮೊದಲು ತಂದದ್ದು ನೀರನ್ನು. 1860ರಲ್ಲಿ ವಿಹಾರ್ ಕೆರೆಯ ನೀರು ಬಂತು, 1879ರಲ್ಲಿ ತುಳಸಿ ಕೆರೆಯದು, 1892ರಲ್ಲಿ ತಾನ್ಸಾದಿಂದ. ಬಾವಿಯಿಂದ ಕೊಡ ಹೊತ್ತು ತರುತ್ತಿದ್ದವರ ಮನೆ ಬಾಗಿಲಿಗೆ ನಳ ಬಂದರೆ ಖರ್ಚಾಗುವ ನೀರು ಹೆಚ್ಚುತ್ತದೆ. ಖರ್ಚಾದ ನೀರು ಎಲ್ಲಿಗೆ ಹೋಗಬೇಕು? ಅದಕ್ಕೆ ತಕ್ಕ ಒಳಚರಂಡಿ ಬೆಳೆಯಲಿಲ್ಲ. ಚಾಳುಗಳ ನಡುವಿನ ಸಂದುಗಳಲ್ಲಿ ನೀರು ಇಂಗಿ ಇಂಗಿ ನೆಲವೇ ಹಸಿಯಾಯಿತು. 1890ರಲ್ಲಿ ಬಾಲ್ಡ್‌ವಿನ್ ಲೇಥಮ್ ಎಂಬ ಇಂಗ್ಲೆಂಡಿನ ತಜ್ಞ ಎಂಜಿನಿಯರ್ ಮುಂಬಯಿಯ ನೈರ್ಮಲ್ಯದ ಮೇಲೆ ವರದಿಯನ್ನೇ ಬರೆಯಬೇಕಾಯಿತು.

ನಳವೂ ಚರಂಡಿಯೂ ಇಲ್ಲದ ಕಡೆ ಮಲವನ್ನು ಬುಟ್ಟಿಯಲ್ಲಿ ಹೊತ್ತು ಸಾಗಿಸುತ್ತಿದ್ದವರು ಮನುಷ್ಯರೇ. ಪುರಸಭೆಯ ಕಾಗದಗಳಲ್ಲಿ ಅವರಿಗೆ 'ಹಲಾಲ್‌ಖೋರ್' ಎಂದು ಹೆಸರು, ಆ ಸೇವೆಗೆ ವಸೂಲು ಮಾಡುತ್ತಿದ್ದುದು ಹಲಾಲ್‌ಖೋರ್ ತೆರಿಗೆ. ಆ ಪದದ ಅರ್ಥ ನೋಡಿ: ನ್ಯಾಯವಾಗಿ ದುಡಿದು ಉಣ್ಣುವವನು. ಹೆಸರಿನಲ್ಲಿ ಕೊಟ್ಟ ಗೌರವವನ್ನು ಊರು ಬದುಕಿನಲ್ಲಿ ಕೊಡಲಿಲ್ಲ. ಅವರ ವಾಸ ಊರಿನ ಅಂಚಿನಲ್ಲಿ, ಅವರ ಹಾದಿ ಮನೆಗಳ ಹಿಂದಿನ ಓಣಿಯಲ್ಲಿ.

ಊರಿನ ಅಂಚಿಗೆ ತಳ್ಳಲಾದ ಮತ್ತೊಂದು ಗುಂಪು ಕುಷ್ಠರೋಗಿಗಳದು. ಆ ಕಾಲದಲ್ಲಿ ಈ ರೋಗದ ಬಗ್ಗೆ ಜಗತ್ತಿನಾದ್ಯಂತ ಒಂದು ಹೊಸ ಭಯ ಹಬ್ಬಿತ್ತು. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ರೋಗಾಣುವನ್ನು ಗುರುತಿಸಿದ್ದ. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ರೋಗಿಗಳ ಸೇವೆಯಲ್ಲಿದ್ದ ಫಾದರ್ ಡೇಮಿಯನ್ ತಾವೇ ಆ ರೋಗ ತಗಲಿ 1889ರಲ್ಲಿ ತೀರಿಕೊಂಡರು. ಸುದ್ದಿ ಎಲ್ಲೆಡೆ ಹರಡಿತು. ಮುಂಬಯಿಯ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ರೋಗಿಗಳನ್ನು ಕಂಡರೆ ಆಗದ ನಾಗರಿಕರು ಅವರನ್ನು ಎಲ್ಲಿಗಾದರೂ ಸಾಗಿಸಿ ಎಂದು ಒತ್ತಾಯಿಸತೊಡಗಿದರು.

ಆಗ ಮುನಿಸಿಪಲ್ ಕಮಿಷನರ್ ಆಗಿದ್ದವರು ಹ್ಯಾರಿ ಆರ್ಬತ್‌ನಾಟ್ ಅಕ್ವರ್ತ್. ಮರಾಠಿ ಪೊವಾಡಗಳ ಪ್ರೇಮಿ. ಶಾಹಿರರ ಲಾವಣಿಗಳನ್ನು ಸಂಗ್ರಹಿಸಿ, 1894ರಲ್ಲಿ ಇಂಗ್ಲಿಷಿಗೂ ತಂದ ವ್ಯಕ್ತಿ. ಅವರ ಮುಂದಾಳುತನದಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿ 1890ರಲ್ಲಿ ಮಾಟುಂಗದಲ್ಲಿ ದಿಕ್ಕಿಲ್ಲದ ಕುಷ್ಠರೋಗಿಗಳ ಆಶ್ರಮ ತೆರೆಯಿತು. ಆಗ ಮಾಟುಂಗ ಎಂದರೆ ಊರಾಚೆ, ಹೊಲಗದ್ದೆಗಳ ಬಯಲು. ಇಂದು ಆ ಜಾಗ ವಡಾಲಕ್ಕೆ ಸೇರಿದೆ. ಅದೇ ಸಂಸ್ಥೆ ಇಂದಿನ ಅಕ್ವರ್ತ್ ಮುನಿಸಿಪಲ್ ಕುಷ್ಠರೋಗ ಆಸ್ಪತ್ರೆ.

ನಮ್ಮ ಹಿರಿಯ ಕೇಳುಗರು ಹೇಳಿದ್ದು ಸರಿಯಾಗಿತ್ತು. 1859ರಲ್ಲಿ ಮಾಟುಂಗದಲ್ಲಿ ಆ ಆಶ್ರಮವೇ ಇರಲಿಲ್ಲ. ಆದರೂ ಈ ಇಸವಿ ಜೈವಿಕ ಅನಿಲದ ಬಗೆಗಿನ ಎಷ್ಟೋ ಬರಹಗಳಲ್ಲಿ ದೇಶವಿದೇಶಗಳಲ್ಲಿ ಒಬ್ಬರಿಂದೊಬ್ಬರಿಗೆ ನಕಲಾಗುತ್ತಾ ಬಂದಿದೆ. ನಾನೂ ಆ ಸಾಲಿನಲ್ಲಿ ಒಬ್ಬನಾದೆ. ಹಾಗಾದರೆ ಅಲ್ಲಿ ನಿಜವಾಗಿ ನಡೆದದ್ದೇನು?

ಆಶ್ರಮದಲ್ಲಿ ನೂರಾರು ಜನ. ಅವರ ಶೌಚದ ನೀರನ್ನು ಏನು ಮಾಡುವುದು? ಊರಿನ ಕೊಳವೆ ಅಷ್ಟು ದೂರ ಬಂದಿರಲಿಲ್ಲ. ಹೊತ್ತು ಸಾಗಿಸಲು ಜನ ಹೆದರುತ್ತಿದ್ದರು. ಅಂದರೆ ಈ ಪುಟ್ಟ ಊರು ತನ್ನ ಹೊಲಸನ್ನು ತಾನೇ ಅರಗಿಸಿಕೊಳ್ಳಬೇಕು! ಆಗ ಮುಂಬಯಿ ಪುರಸಭೆಯಲ್ಲಿ ಒಳಚರಂಡಿಯ ಎಂಜಿನಿಯರ್ ಆಗಿದ್ದವರು ಸಿ. ಕಾರ್ಕೀಟ್ ಜೇಮ್ಸ್. 'ಡ್ರೈನೇಜ್ ಪ್ರಾಬ್ಲಮ್ಸ್ ಆಫ್ ದಿ ಈಸ್ಟ್' ಎಂಬ ಅವರ ಪುಸ್ತಕ 1906ರಲ್ಲಿ ಬಂತು. ಲಂಡನ್ನಿನ ಲೆಕ್ಕಾಚಾರ ನಮ್ಮ ಬಿಸಿಲು, ಮಳೆ, ನೀರು ಬಳಸಿ ತೊಳೆಯುವ ರೂಢಿ ಇವಕ್ಕೆ ಹೊಂದುವುದಿಲ್ಲ, ಇಲ್ಲಿಯ ಸಮಸ್ಯೆಗೆ ಇಲ್ಲಿಯದೇ ಪರಿಹಾರ ಬೇಕು ಎಂದು ಯೋಚಿಸಿದ ಎಂಜಿನಿಯರುಗಳಲ್ಲಿ ಅವರೊಬ್ಬರು.

1890ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಎಂಬ ಊರಿನಲ್ಲಿ ಡೊನಾಲ್ಡ್ ಕ್ಯಾಮರಾನ್ ಎಂಬಾತ ಒಂದು ಮುಚ್ಚಿದ ತೊಟ್ಟಿ ಕಟ್ಟಿ ಅದಕ್ಕೆ 'ಸೆಪ್ಟಿಕ್ ಟ್ಯಾಂಕ್' ಎಂದು ಹೆಸರಿಟ್ಟಿದ್ದ. ಅದರಿಂದ ಬಂದ ಗ್ಯಾಸಿನಿಂದ ದೀಪ ಉರಿಸಿಯೂ ತೋರಿಸಿದ್ದ. ಹೆಚ್ಚು ಕಾಲ ಕಳೆಯುವ ಮೊದಲೇ ಅದೇ ತತ್ವದ ತೊಟ್ಟಿಗಳು ಮಾಟುಂಗದ ಆಶ್ರಮಕ್ಕೂ ಬಂದವು. 1897ರ ಹೊತ್ತಿಗೆ ಅಲ್ಲಿ ಗ್ಯಾಸು ಹಿಡಿದಿಡುವ ಏರ್ಪಾಡಾಗಿ, ಆ ಗ್ಯಾಸಿನಿಂದ ಎಂಜಿನ್ ಓಡಿಸಲಾಯಿತು. ತೊಟ್ಟಿಯಿಂದ ಹೊರಬಂದ ನೀರು ಆಶ್ರಮದ ಹೊಲಕ್ಕೆ ಹೋಯಿತು. ಆ ಹೊಲದಲ್ಲಿ ದುಡಿದವರಲ್ಲಿ ಆಶ್ರಮವಾಸಿಗಳೂ ಇದ್ದರು.

ಇದು ಹೇಗೆ ಸಾಧ್ಯ ಎಂದು ಕೇಳಬಹುದು. ಮುಚ್ಚಿದ ತೊಟ್ಟಿಯಲ್ಲಿ ಕೊಳಚೆ ನಿಧಾನವಾಗಿ ಹರಿಯುವಾಗ ಭಾರವಾದದ್ದು ತಳಕ್ಕೆ ಇಳಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ತಿಳಿ ಮುಂದೆ ಹೋಗುತ್ತದೆ. ತಳದ ಕೆಸರಿನಲ್ಲಿ ಗಾಳಿ ಇಲ್ಲದೆಯೇ ಬದುಕುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ. ಹಾಗೆ ಕರಗಿಸುವಾಗ ಹುಟ್ಟುವುದೇ ಮೀಥೇನ್ ಅನಿಲ. ಕೆರೆಯ ಕೆಸರನ್ನು ಕೋಲಿನಿಂದ ಕಲಕಿದರೆ ಗುಳ್ಳೆ ಏಳುತ್ತದಲ್ಲ, ಅದೇ ಅನಿಲ. ಇಟಲಿಯ ವೋಲ್ಟಾ 1776ರಲ್ಲೇ ಸರೋವರದ ಅಂಥ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ್ದ. ಚಳಿಯ ದೇಶಗಳಲ್ಲಿ ಈ ಜೀವಿಗಳು ಜಡವಾಗುತ್ತವೆ, ಬೆಚ್ಚಗಿದ್ದರೆ ಚುರುಕಾಗುತ್ತವೆ. ಮುಂಬಯಿಯಲ್ಲಿ ಸೆಕೆಗೆ ಬರವೆ? ನಾವು ಬೈಯುವ ಹವೆಯೇ ಆ ತೊಟ್ಟಿಗಳಿಗೆ ವರವಾಯಿತು.

ಈಗ ನೀವೇ ಯೋಚಿಸಿ. ಇತ್ತ ಆಶ್ರಮದಲ್ಲಿ ಈ ಕೆಲಸ ನಡೆಯುತ್ತಿದ್ದ ಕಾಲದಲ್ಲೇ, 1896ರ ಸೆಪ್ಟೆಂಬರಿನಲ್ಲಿ, ಅತ್ತ ಮಾಂಡ್ವಿಯ ಕಿಕ್ಕಿರಿದ ಚಾಳುಗಳಲ್ಲಿ ಡಾಕ್ಟರ್ ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಊರು ಖಾಲಿಯಾಯಿತು. 1891ರ ಜನಗಣತಿಯಲ್ಲಿ 8 ಲಕ್ಷ 20 ಸಾವಿರ ದಾಟಿದ್ದ ಜನಸಂಖ್ಯೆ 1901ರಲ್ಲಿ 7 ಲಕ್ಷ 76 ಸಾವಿರಕ್ಕೆ ಇಳಿದಿತ್ತು. ಪ್ಲೇಗು ಇಲಿ ಮತ್ತು ಚಿಗಟದಿಂದ ಬರುವುದೇ ಹೊರತು ಗಟಾರದ ವಾಸನೆಯಿಂದಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಿರಲಿಲ್ಲ. ಚರಂಡಿಗಳನ್ನು ತೊಳೆದರು, ಮನೆಗಳ ಹೆಂಚು ತೆಗೆದು ಬಿಸಿಲು ಬಿಟ್ಟರು, ಸುಣ್ಣ ಬಳಿದರು. ಊರಿಗೆ ರೋಗ ತರುತ್ತಾರೆ ಎಂದು ಯಾರನ್ನು ಹೊರಗಿಟ್ಟಿದ್ದರೋ ಅವರ ಅಂಗಳದಲ್ಲಿ ಹೊಲಸು ಬೆಳಕಾಗುತ್ತಿತ್ತು, ಹೊರಗಿಟ್ಟ ಊರು ತನ್ನ ಹೊಲಸಿನಲ್ಲಿ ತಾನೇ ಕೂತಿತ್ತು.

ಪ್ಲೇಗಿನ ಪೆಟ್ಟಿನಿಂದ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಇಲ್ಲಿಂದ ಮುಂದೆ ಕಥೆ ನಮ್ಮ ಮನೆಯೊಳಕ್ಕೇ ಬರುತ್ತದೆ. ದಾದರ್, ಮಾಟುಂಗ, ವಡಾಲ, ಸಾಯನ್ ಕಡೆಯ ಬಯಲನ್ನು ಈ ಟ್ರಸ್ಟ್ ಯೋಜನೆ ಹಾಕಿ ಬಡಾವಣೆ ಮಾಡಿತು. ಅಗಲವಾದ ರಸ್ತೆ, ಮರಗಳ ಸಾಲು, ನೆಲದೊಳಗೆ ಕೊಳವೆ. ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಬಂದ ನಮ್ಮ ಅಜ್ಜಂದಿರು ನೆಲೆಸಿದ್ದು ಅಲ್ಲಿಯೇ. ಮಾಟುಂಗದ ಮೈಸೂರು ಅಸೋಸಿಯೇಷನ್ನು, ಉಡುಪಿ ಹೋಟೆಲುಗಳು, ವಡಾಲದ ಎನ್.ಕೆ.ಇ.ಎಸ್. ಕನ್ನಡ ಶಾಲೆ, ರಾಮ ಮಂದಿರ, ಇವೆಲ್ಲ ತಲೆಯೆತ್ತಿದ ನೆಲ ಅದು. ಬಿಸಿ ಇಡ್ಲಿ ತಿಂದು ಕೈ ತೊಳೆದ ನೀರು ಸದ್ದಿಲ್ಲದೆ ಹೋಗುವುದಕ್ಕೆ ಪ್ಲೇಗಿನಲ್ಲಿ ಸತ್ತ ಸಾವಿರಾರು ಜನರ ಬೆಲೆ ಸಂದಿದೆ. ನಮ್ಮ ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡದ ದಾನಿಗಳ ಹೆಸರಿರುತ್ತದೆ. ಕಟ್ಟಡದ ಕೆಳಗಿನ ಕೊಳವೆಯ ಸುದ್ದಿ ಇರುವುದಿಲ್ಲ.

ಕನ್ನಡದ ನಂಟು ಇಷ್ಟಕ್ಕೇ ಮುಗಿಯಲಿಲ್ಲ. ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ 1884ರಲ್ಲಿ ಕೆಲಸಕ್ಕೆ ಸೇರಿದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಇದೇ ಪ್ರಾಂತದ ಸ್ಯಾನಿಟರಿ ಎಂಜಿನಿಯರ್ ಆಗಿಯೂ ದುಡಿದವರು. ಆಗ ಮುಂಬಯಿ ಸರಕಾರದ ಅಧೀನದಲ್ಲಿದ್ದ ಏಡನ್ ಬಂದರಿಗೆ ಹೋಗಿ ನೀರು ಮತ್ತು ಒಳಚರಂಡಿಯ ಯೋಜನೆ ಬರೆದುಕೊಟ್ಟರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೂ ಒಳಚರಂಡಿಯ ಯೋಜನೆ ಮಾಡಿಕೊಟ್ಟರು. ಕನ್ನಂಬಾಡಿಯ ವಿಶ್ವೇಶ್ವರಯ್ಯ ಎಲ್ಲರಿಗೂ ಗೊತ್ತು, ಗಟಾರದ ವಿಶ್ವೇಶ್ವರಯ್ಯ ಗೊತ್ತಿರುವವರು ಕಡಿಮೆ.

ಇನ್ನೊಂದು ನಂಟು ಬೆಂಗಳೂರಿನದು. ಇಂದು ಜಗತ್ತಿನ ದೊಡ್ಡ ದೊಡ್ಡ ನಗರಗಳು ಕೊಳಚೆ ಶುದ್ಧಿಗೆ ಬಳಸುವ ವಿಧಾನದಲ್ಲಿ ತೊಟ್ಟಿಗೆ ಗಾಳಿ ಊದಿ, ಗಾಳಿ ಬೇಕಾದ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ. ಅವು ಕೊಳೆ ತಿಂದು ಕೆಸರಾಗಿ ಕೆಳಗಿಳಿದಾಗ ಆ ಜೀವಂತ ಕೆಸರಿನಲ್ಲಿ ಸ್ವಲ್ಪವನ್ನು ಮೊಸರಿಗೆ ಹೆಪ್ಪು ಇಟ್ಟಂತೆ ಮತ್ತೆ ಹೊಸ ಕೊಳಚೆಗೆ ಬೆರೆಸುತ್ತಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಇದನ್ನು 1914ರಲ್ಲಿ ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಆ ಫೌಲರ್ 1916ರಲ್ಲಿ ಪ್ರಾಧ್ಯಾಪಕರಾಗಿ ಬಂದದ್ದು ಬೆಂಗಳೂರಿನ ನಮ್ಮ 'ಟಾಟಾ ಇನ್‌ಸ್ಟಿಟ್ಯೂಟಿ'ಗೆ! ಕನಸು ಕಂಡವರು ಮುಂಬಯಿಯ ಜಮ್‌ಸೇಟ್‌ಜಿ ಟಾಟಾ, ನೆಲ ಕೊಟ್ಟವರು ಮೈಸೂರಿನ ಅರಸರು, ಅಲ್ಲಿ ಪಾಠ ಹೇಳಿದವರು ಕೊಳಚೆಗೆ ಹೆಪ್ಪು ಹಾಕಲು ಕಲಿಸಿದ ಗುರು.

ಇನ್ನು ಮಾಟುಂಗದ ಗ್ಯಾಸಿನ ಕಥೆ ಏನಾಯಿತು? ಸಗಣಿಯಿಂದ ಗ್ಯಾಸು ತೆಗೆಯುವ ಪ್ರಯೋಗವನ್ನು 1939ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿ ಮಾಡಿದರು. 1951ರಲ್ಲಿ ಜಶಭಾಯಿ ಪಟೇಲರು 'ಗ್ರಾಮಲಕ್ಷ್ಮಿ' ಎಂಬ ಗೋಬರ್ ಗ್ಯಾಸ್ ಸ್ಥಾವರ ರೂಪಿಸಿದರು. ಅದನ್ನು ಊರೂರಿಗೆ ಒಯ್ದ ಖಾದಿ ಗ್ರಾಮೋದ್ಯೋಗ ಆಯೋಗದ ಕಚೇರಿ ಇರುವುದು ನಮ್ಮ ವಿಲೆಪಾರ್ಲೆಯಲ್ಲಿ. ನಾನು ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ನಮ್ಮ ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸಿನ ಗುಂಡಿಗೆ ಸಗಣಿ ಕಲಕಿ ಹಾಕುವುದು ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸ, ಬೈಸಿಕೊಂಡು ಮಾಡುತ್ತಿದ್ದ ಕೆಲಸ. ಆ ನೀಲಿ ಉರಿಯ ಮೇಲೆ ಅಮ್ಮ ಚಹಾ ಕುದಿಸುತ್ತಿದ್ದರು. ಮುಂಬಯಿಗೆ ಬಂದು ಇಷ್ಟು ವರ್ಷವಾದ ಮೇಲೆ, ಆ ಉರಿಯ ದೂರದ ನೆಂಟನೊಬ್ಬ ನಾನು ದಿನಾ ಹಾರ್ಬರ್ ಲೈನಿನಲ್ಲಿ ದಾಟಿ ಹೋಗುವ ವಡಾಲದಲ್ಲೇ ಇದ್ದ ಎಂದು ತಿಳಿದಾಗ ಒಂದು ಕ್ಷಣ ಏನೋ ಆಯಿತು.

ಆದರೆ ದೊಡ್ಡ ಊರು ಆ ಚಿಕ್ಕ ಆಶ್ರಮದಿಂದ ಪಾಠ ಕಲಿತಿತೆ? ಬಹಳ ಕಾಲ ಕಲಿಯಲಿಲ್ಲ. ಸಮುದ್ರ ಪಕ್ಕದಲ್ಲೇ ಇರುವಾಗ ಶುದ್ಧಿ ಮಾಡುವ ತೊಂದರೆ ಯಾರಿಗೆ ಬೇಕು! ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ವರ್ಲಿ ಮತ್ತು ಬಾಂದ್ರಾದಿಂದ ಸಮುದ್ರದ ತಳದಲ್ಲಿ 3 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಸುರಂಗ ಕೊರೆದರು. ಕಸಕಡ್ಡಿ, ಮರಳು ಸೋಸಿದ ಕೊಳಚೆಯನ್ನು ಅಲ್ಲಿ ಬಿಟ್ಟರೆ ಸಮುದ್ರವೇ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂಬುದು ಲೆಕ್ಕಾಚಾರ. ಊರು ಬೆಳೆದಂತೆ ಆ ಲೆಕ್ಕ ಸಾಲದಾಯಿತು. ಕೊಳವೆ ಮುಟ್ಟದ ಬಸ್ತಿಗಳ ಕೊಳಚೆ ಮೀಠಿ ನದಿಗೆ, ನಾಲೆಗಳಿಗೆ ನೇರವಾಗಿ ಹೋಯಿತು. 2020ರಲ್ಲಿ ಕೊಲಾಬಾದಲ್ಲಿ ದಿನಕ್ಕೆ 3 ಕೋಟಿ 70 ಲಕ್ಷ ಲೀಟರಿನ ಹೊಸ ಸ್ಥಾವರ ಶುರುವಾಯಿತು. 2023ರ ಜನವರಿಯಲ್ಲಿ ವರ್ಲಿ, ಬಾಂದ್ರಾ, ಧಾರಾವಿ, ಮಲಾಡ್, ವರ್ಸೋವಾ, ಘಾಟ್‌ಕೋಪರ್, ಭಾಂಡುಪ್ ಈ ಏಳು ಕಡೆಯ ಸ್ಥಾವರಗಳಿಗೆ ಶಂಕುಸ್ಥಾಪನೆ ನಡೆಯಿತು. ಏಳೂ ಸೇರಿ ದಿನಕ್ಕೆ 246 ಕೋಟಿ ಲೀಟರ್ ಶುದ್ಧಿ ಮಾಡುವ ಗುರಿ. ಮಾಟುಂಗದ ತೊಟ್ಟಿಯಿಂದ ಇಲ್ಲಿಗೆ ಬರಲು ಸವಾ ನೂರು ವರ್ಷ ಹಿಡಿಯಿತು!

ರೋಗದ ಕಥೆ ಮಾತ್ರ ಇದಕ್ಕಿಂತ ಬೇಗ ಸುಧಾರಿಸಿತು. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು, 1982ರಿಂದ ಹಲವು ಔಷಧಿಗಳನ್ನು ಒಟ್ಟಾಗಿ ಕೊಡುವ ಚಿಕಿತ್ಸೆ ಬಂತು. ಕುಷ್ಠ ಈಗ ಪೂರ್ತಿ ವಾಸಿಯಾಗುವ ರೋಗ. ವಾಸಿಯಾಗದೆ ಉಳಿದದ್ದು ನಮ್ಮ ಕಣ್ಣಿನ ಹಿಂಜರಿಕೆ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾನೂನು ಬಂದಿವೆ. ಆದರೂ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿ ನಿಂತಿಲ್ಲ. ಮಾಟುಂಗದಲ್ಲಿ ಎಂಜಿನ್ ಓಡಿಸಿದ ಮೀಥೇನು, ಅದರ ಜೊತೆ ಹುಟ್ಟುವ ವಿಷಗಾಳಿ, ಇವೇ ಅವರನ್ನು ಕೊಲ್ಲುವುದು. ಗ್ಯಾಸಿನ ಗುಣ ನಮಗೆ ಸವಾ ನೂರು ವರ್ಷದಿಂದ ಗೊತ್ತು. ಗೊತ್ತಿದ್ದೂ ಮನುಷ್ಯನನ್ನು ಇಳಿಸುತ್ತೇವೆಂದರೆ ಅದಕ್ಕೆ ಅಜ್ಞಾನ ಎಂಬ ಹೆಸರು ಸಲ್ಲದು.

ನಿಮ್ಮ ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ನಮ್ಮ ಚೇಂಬರು ಕಟ್ಟಿಕೊಂಡರೆ ಯಂತ್ರ ಕರೆಸುತ್ತೇವೋ, ಇಲ್ಲ ಯಾರನ್ನಾದರೂ ಇಳಿಸುತ್ತೇವೋ? ಉತ್ತರ ಬರೆದು ತಿಳಿಸಿದರೆ ಕಾರ್ಯಕ್ರಮದಲ್ಲಿ ಓದುತ್ತೇನೆ.

ಈಗ ನನ್ನ ತಿದ್ದುಪಡಿ. ಮಾಟುಂಗದ ಆಶ್ರಮ ತೆರೆದದ್ದು 1890ರಲ್ಲಿ. ಅಲ್ಲಿಯ ಗ್ಯಾಸಿನಿಂದ ಎಂಜಿನ್ ಓಡಿದ್ದು 1897ರ ಹೊತ್ತಿಗೆ. ಅದು 'ಜಗತ್ತಿನಲ್ಲೇ ಮೊದಲು' ಆಗಿರಲಿಲ್ಲ. ಊರು ಬೇಡವೆಂದವರ ಅಂಗಳದಲ್ಲಿ ಅದು ಆಯಿತು, ನನಗೆ ಅಷ್ಟು ಸಾಕು. ಇದನ್ನೇ ಮುಂದಿನ ವಾರ, ಅದೇ ಎರಡು ಹಾಡುಗಳ ನಡುವೆ, ಮತ್ತೆ ಓದುತ್ತೇನೆ. ವಡಾಲದ ಹಿರಿಯರೆ, ದಯವಿಟ್ಟು ಕೇಳುತ್ತಿರಿ. ತಪ್ಪಿದರೆ ಮತ್ತೆ ಫೋನು ಮಾಡಿ.